ನಾನ್‌ಸ್ಟಾಪಣ್ಣ ವ್ಯಾನು ನಿಲ್ಲಿಸಿದ

ಪಾದಯಾತ್ರೆಗೆ ಹೊರಟವರಿಗೆಲ್ಲ ಕಾಲಿನದೇ ಚಿಂತೆ. ಯಾವ ಚಪ್ಪಲಿ ಹಾಕಬೇಕು, ಗುಳ್ಳೆ ಎದ್ದರೆ ಏನು ಹಚ್ಚಬೇಕು, ಬರೀ ಇದೇ ಮಾತು. ಅಲ್ಲ, ನಡಿಗೆ ಶುರುವಾಗುವ ಜಾಗಕ್ಕೆ ಹೋಗಿ ಸೇರೋದು ಹೇಗೆ ಅಂತ ಕೇಳಿ ನೋಡಿ. "ಅದಕ್ಕೇನು, ವ್ಯಾನ್ ಇದೆಯಲ್ಲ!" ಅಂತಾರೆ. ನಮ್ಮ ಬೀದಿಯವರೂ ಹಾಗೆ ಅಂದವರೇ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಅಂಗಡಿ ಇದೆ. ಅದನ್ನು ನಡೆಸುವವರನ್ನು ಎಲ್ಲರೂ ಇಸ್ತ್ರಿ ಅಮ್ಮ ಅಂತಲೇ ಕರೆಯೋದು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಕೆಲಸ. ಕೂರಲು ಸ್ಟೂಲ್ ಇದೆ, ಆದರೆ ಅದರ ಮೇಲೆ ಯಾವಾಗಲೂ ಯಾರದೋ ಮಡಿಸಿದ ಬಟ್ಟೆ ಕೂತಿರುತ್ತದೆ. ಅವರ ಮಗ ವ್ಯಾನ್ ಓಡಿಸುತ್ತಾನೆ. ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಊರು ಮುಟ್ಟಿಸುತ್ತೇನೆ ಅನ್ನುವುದೇ ಅವನ ಹೆಮ್ಮೆ. ಅದಕ್ಕೇ ಅವನಿಗೆ ನಾನ್‌ಸ್ಟಾಪಣ್ಣ ಅಂತ ಹೆಸರು ಬಿದ್ದಿದೆ.

ಹೋದ ವರ್ಷ ಬೀದಿಯವರೆಲ್ಲ ಸೇರಿ ಅವನ ವ್ಯಾನಿನಲ್ಲಿ ಪಾದಯಾತ್ರೆಗೆ ಹೊರಟಿದ್ದರು. ನಡಿಗೆ ಶುರುವಾಗೋದು ದೂರದ ಒಂದು ನದಿ ದಡದಿಂದ. ನಸುಕಿಗೆ ಮುಂಚೆ ಹೊರಟು, ನೆತ್ತಿ ಸುಡುವ ಮಧ್ಯಾಹ್ನ ಅಲ್ಲಿ ಇಳಿದು, ಇಳಿದವರೇ ನಡೆಯಲು ಶುರು ಮಾಡಿದರು. ಸೇತುವೆ ದಾಟುವ ಮೊದಲೇ ಇಸ್ತ್ರಿ ಅಮ್ಮ ತಲೆ ಸುತ್ತಿ ಕುಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಅದೇ ವ್ಯಾನಿನಲ್ಲಿ ಮನೆಗೆ ಬಂದರು. ಅವರು ವರ್ಷಗಟ್ಟಲೆ ಕಾದು ಹೊರಟಿದ್ದ ಯಾತ್ರೆ ಅಲ್ಲಿಗೇ ಮುಗಿದಿತ್ತು. "ವಯಸ್ಸಾಯ್ತು, ಪಾಪ" ಅಂದಿತು ಬೀದಿ. ಅಮ್ಮ ಪಿಟಕ್ಕೆನ್ನಲಿಲ್ಲ.

ಈ ವರ್ಷ ನಮ್ಮ ಬೀದಿಯ ಟೈಲರಕ್ಕ ಮತ್ತೆ ಎಲ್ಲರನ್ನೂ ಸೇರಿಸಲು ಓಡಾಡಿದಳು. ಒಬ್ಬರು ಈ ದಿನ ಅಂದರೆ ಇನ್ನೊಬ್ಬರು ಆ ದಿನ. ಎತ್ತು ಏರಿಗೆ, ಕೋಣ ನೀರಿಗೆ. ಅಂತೂ ದಿನ ಗೊತ್ತಾದ ಮೇಲೆ ವ್ಯಾನ್ ಕೇಳಲು ಇಸ್ತ್ರಿ ಅಂಗಡಿಗೆ ಬಂದಳು.

"ವ್ಯಾನ್ ರೆಡಿ ಅಕ್ಕಾ. ಆದ್ರೆ ಅಮ್ಮ ಬರಲ್ಲ" ಅಂದ ನಾನ್‌ಸ್ಟಾಪಣ್ಣ.

"ನಾನು ಬರಲ್ಲ ಅಂತ ನಿನಗ್ಯಾರು ಹೇಳಿದ್ದು?" ಅಮ್ಮ ಇಸ್ತ್ರಿ ನಿಲ್ಲಿಸಲಿಲ್ಲ.

"ಹೋದ ಸಲ ಆಗಿದ್ದು ಸಾಲದಾ? ನಿನ್ನ ಕಾಲಲ್ಲಿ ಇನ್ನು ಆಗಲ್ಲಮ್ಮ. ನೀನು ಬರೋದಾದ್ರೆ ನಾನು ವ್ಯಾನೇ ತೆಗೆಯಲ್ಲ."

ಇಸ್ತ್ರಿಗೆ ಕೊಟ್ಟ ಸೀರೆ ಒಯ್ಯಲು ಆಗಲೇ ಒಳಗೆ ಬಂದರು ನಮ್ಮ ಬೀದಿಯ ನರ್ಸಮ್ಮ. ಅವರ ಬಿಳಿ ಸೀರೆಯೇ ಮೇಜಿನ ಮೇಲಿತ್ತು. ಎಲ್ಲ ಕೇಳಿಸಿಕೊಂಡು, ಅಮ್ಮನ ಕಾಲನ್ನೊಮ್ಮೆ ನೋಡಿ ನಕ್ಕರು.

"ದಿನವಿಡೀ ನಿಲ್ಲೋ ಕಾಲಿಗೆ ಸೇತುವೆವರೆಗೆ ಹೋಗೋಕೆ ಆಗಲಿಲ್ವಾ? ಅಮ್ಮಾ, ಅವತ್ತು ದಾರೀಲಿ ನೀರು ಎಷ್ಟು ಕುಡಿದಿದ್ರಿ?"

"ಕುಡಿದಿರ್ತೀನಿ ಬಿಡಿ" ಅಂದರು ಅಮ್ಮ. ಟೈಲರಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡಿದಳು.

"ನಿಜ ಹೇಳಿ."

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಒಂದು ಗುಟುಕೂ ಇಲ್ಲ. ಹಿಂದಿನ ದಿನದ ಊಟ ಆದ್ಮೇಲೆ ಏನೂ ಕುಡಿದಿರಲಿಲ್ಲ."

"ಯಾಕಮ್ಮಾ?" ಮಗನಿಗೆ ನಂಬಲಾಗಲಿಲ್ಲ.

"ಕುಡಿದ್ರೆ ಇಳೀಬೇಕಲ್ಲಪ್ಪಾ. ನೀನು ನೋಡಿದ್ರೆ ಎಲ್ಲೂ ನಿಲ್ಲಿಸಲ್ಲ ಅಂತ ಮೀಸೆ ತಿರುವ್ತಾ ಕೂತಿದ್ದೆ. ಅಷ್ಟು ಜನ ಗಂಡಸರ ಮುಂದೆ 'ನಿಲ್ಲಿಸು, ನಾನು ಇಳೀಬೇಕು' ಅಂತ ಹೇಗೆ ಹೇಳ್ಲಿ? ನನ್ನಿಂದ ನಿನ್ನ ಹೆಸರು ಯಾಕೆ ಕೆಡಬೇಕು ಅಂತ ಸುಮ್ಮನಿದ್ದೆ."

"ಒಂದು ಸಲ ನಿಲ್ಲಿಸಿದ್ನಲ್ಲಮ್ಮಾ! ನೀವ್ಯಾರೂ ಇಳೀಲಿಲ್ಲ. ಬೇಡ ಅಂದ್ಕೊಂಡೆ."

"ಬಟಾಬಯಲಲ್ಲಿ ನಿಲ್ಲಿಸಿದೆ. ಗಂಡಸರಿಗೆ ಮರ ಇತ್ತು. ನಮಗೆ ಏನಿತ್ತು?"

ಟೈಲರಕ್ಕನಿಗೂ ಧೈರ್ಯ ಬಂತು. "ಅಮ್ಮ ಒಬ್ಬರೇ ಅಲ್ಲಣ್ಣ. ನಾವು ಹೆಂಗಸರು ಯಾರೂ ಕುಡೀಲಿಲ್ಲ. ಮನೆಯಿಂದ ತಂದ ಬಾಟಲಿ ಇಳಿಯೋವರೆಗೂ ತುಂಬಿದ ಹಾಗೇ ಇತ್ತು."

ಮೌನ ಬಂಗಾರ ಅಂತಾರೆ. ಆ ಬಂಗಾರಕ್ಕೆ ತನ್ನ ತಾಯಿ ಏನು ಬೆಲೆ ಕೊಟ್ಟಳು ಅಂತ ನಾನ್‌ಸ್ಟಾಪಣ್ಣನಿಗೆ ಈಗ ಗೊತ್ತಾಯಿತು.

ನರ್ಸಮ್ಮ ಮೆತ್ತಗೆ ಹೇಳಿದರು. "ಅಮ್ಮಾ, ನೀರು ಚಿಮುಕಿಸದೆ ನೀವು ಒಂದು ಅಂಗಿಗೂ ಇಸ್ತ್ರಿ ಹಾಕಲ್ಲ. ಮೈಯನ್ನ ಮಾತ್ರ ಒಣಗಿಸಿಕೊಂಡು ಬಿಸಿಲಿಗೆ ಇಳಿದ್ರೆ ಹೇಗೆ? ಮೈ ಒಣಗಿದ್ರೆ ತಲೆ ಸುತ್ತತ್ತೆ. ಮೂತ್ರ ತಡ್ಕೊಂಡ್ರೆ ಸೋಂಕೂ ಆಗಬಹುದು. ವಯಸ್ಸಿನವರಿಗೆ ಅಂತಲ್ಲ, ಯಾರಿಗಾದರೂ ಅಷ್ಟೆ."

"ಹಾಗಾದ್ರೆ ಹೇಗೆ ಹೋಗೋದು ಮೇಡಂ?" ಕೇಳಿದ ಮಗ.

"ಹಿಂದಿನ ದಿನವೇ ಹೋಗಿ. ಉಳಿಯೋಕೆ ಜಾಗ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಚೆನ್ನಾಗಿ ಮಲಗಿ, ಬೆಳಗಿನ ತಂಪಲ್ಲಿ ನಡಿಗೆ ಶುರು ಮಾಡಿ. ಮಾತ್ರೆ, ನೀರು ಅವರವರ ಕೈಚೀಲದಲ್ಲೇ ಇರಲಿ, ಡಿಕ್ಕಿಯಲ್ಲಲ್ಲ. ಅಮ್ಮ ಹೊರಡೋ ಮೊದಲು ಒಂದ್ಸಲ ಡಾಕ್ಟರಿಗೆ ತೋರಿಸಲಿ. ಇನ್ನು ನಿಲ್ಲಿಸೋದು... ಯಾರೂ ಬಾಯಿಬಿಟ್ಟು ಕೇಳೋ ಹಾಗೆ ಆಗಬಾರದು. ನೀವೇ ನಿಲ್ಲಿಸಬೇಕು."

ನಾನ್‌ಸ್ಟಾಪಣ್ಣ ಸರಸರನೆ ಹೊರಗೆ ನಡೆದ. ಕೋಪ ಬಂತೇನೋ ಅಂದುಕೊಂಡರು. ಆದರೆ ಆಮೇಲೊಮ್ಮೆ ಯಾತ್ರೆಯ ಅದೇ ದಾರಿಯಲ್ಲಿ ಬಾಡಿಗೆಗೆ ಹೋದಾಗ ಅವನು ಮಾಡಿದ ಕೆಲಸ ಕೇಳಿ. ಸಿಕ್ಕ ಸಿಕ್ಕ ಪೆಟ್ರೋಲ್ ಬಂಕಿನಲ್ಲೆಲ್ಲ ಇಳಿದು, "ಹೆಂಗಸರ ಶೌಚಾಲಯದಲ್ಲಿ ನೀರು ಬರತ್ತಾ? ಒಳಗಡೆ ಚಿಲಕ ಸರಿಯಾಗಿದೆಯಾ?" ಅಂತ ವಿಚಾರಿಸಿದ. ಮೇಲಿಂದ ಕೆಳಗಿನವರೆಗೆ ನೋಡಿದವರು ಎಷ್ಟೋ ಜನ. ನೋಡಿದರೆ ನೋಡಲಿ ಅಂದ. ಆ ಧೈರ್ಯಕ್ಕೆ ಶಹಬ್ಬಾಸ್ ಅನ್ನಲೇಬೇಕು! ಡಾಕ್ಟರು ಅಮ್ಮನನ್ನು ನೋಡಿ, ಧಾರಾಳವಾಗಿ ನಡೀರಿ ಅಂದರು.

ಹೊರಟ ದಿನ ಮೊದಲ ಬಂಕಿನಲ್ಲಿ ವ್ಯಾನು ನಿಂತಿತು. "ಎಲ್ಲರೂ ಇಳೀರಿ. ಬೇಕಿದ್ರೂ ಇಳೀರಿ, ಬೇಡದಿದ್ರೂ ಇಳೀರಿ" ಅಂದ ನಾನ್‌ಸ್ಟಾಪಣ್ಣ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೇ ಇದ್ದರು. ಹಳೇ ಅಭ್ಯಾಸ, ಅಷ್ಟು ಬೇಗ ಬಿಡುತ್ತದೆಯೇ?

ಆಗ ಹಿಂದಿನ ಸೀಟಿನಿಂದ ಇಸ್ತ್ರಿ ಅಮ್ಮ ಎದ್ದರು. "ನನಗೆ ಬೇಕಪ್ಪಾ. ಒಳ್ಳೇ ಕಡೆ ನಿಲ್ಲಿಸಿದೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಇಳಿದರು. ಅಷ್ಟೇ ಸಾಕಾಯಿತು. ಅವರ ಹಿಂದೆ ಹೆಂಗಸರೆಲ್ಲ ನಗುತ್ತಾ, ನೂಕಾಡುತ್ತಾ ಇಳಿದರು. ಗಂಡಸರು ಯಾರೂ ನಗಲಿಲ್ಲ, ಯಾರ ಮಾನವೂ ಹೋಗಲಿಲ್ಲ.

ಅಂದು ರಾತ್ರಿ ನದಿ ದಡದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಎಲ್ಲರೂ ನಡೆಯಲು ಹೊರಟರು. ನಾನ್‌ಸ್ಟಾಪಣ್ಣ ವ್ಯಾನಿಗೆ ಒರಗಿ ನಿಂತು ಸೇತುವೆಯನ್ನೇ ನೋಡುತ್ತಿದ್ದ. ಹೋದ ವರ್ಷ ಕುಸಿದ ಜಾಗ ಬಂತು. ಅಮ್ಮ ದಾಟಿದರು. ಸೇತುವೆಯ ಆಚೆ ಬದಿಗೆ ಹೋಗಿ ನಿಂತು, ಮಗನ ಕಡೆ ತಿರುಗಿ, ಕೈಯಲ್ಲಿದ್ದ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

"ಅಲ್ಲೇ ನಲ್ಲಿ ಇದೆ, ತುಂಬಿಸ್ಕೋ ಅಮ್ಮಾ!" ಅಂತ ಅವನು ಈಚೆ ಬದಿಯಿಂದ ಕೂಗಿದ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಗುಂಪು ಕಟ್ಟಿಕೊಂಡು ಹೊರಡುವವರಾದರೆ, ಚಪ್ಪಲಿ ಆರಿಸುವ ಮೊದಲು ಕೂತು ದಾರಿಯ ಮಾತಾಡಿ. ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಹೆಂಗಸರಿಗೆ ಚಿಲಕ ಇರುವ ಬಾಗಿಲು ಇದೆಯಾ, ಅಲ್ಲಿಗೆ ತಲುಪಿದ ಮೇಲೆ ಮಲಗೋದೆಲ್ಲಿ, ಎಲ್ಲ ಮೊದಲೇ ಗೊತ್ತಿರಲಿ. ಹೊರಟ ಮೇಲೆ ನಿಮ್ಮ ವ್ಯಾನಿನಲ್ಲಿ ಯಾರ ಬಾಟಲಿಯಾದರೂ ತುಂಬಿದ ಹಾಗೇ ಇದೆಯಾ ಅಂತ ಒಮ್ಮೆ ಹಿಂದೆ ತಿರುಗಿ ನೋಡಿ. ಇದ್ದರೆ, ಅವರು ಕೇಳುವವರೆಗೆ ಕಾಯಬೇಡಿ. ನಿಲ್ಲಿಸಿ.