ಅಜಿತನ ಮಳೆ ಗುಂಪು

ಅಜಿತನಿಗೆ ಒಂದು ವಿಷಯ ಹೇಳಿದರೆ ಗೋಣಿಬೀಡಿಗೆಲ್ಲ ಡಂಗುರ ಸಾರಿದ ಹಾಗೆ. ಆದರೂ ಕಾಫಿ ಅರಳಿಸುವ ಹೂ ಮಳೆ ಬಿದ್ದ ಬೆಳಿಗ್ಗೆ ಯಾರ ತೋಟಕ್ಕೆ ಎಷ್ಟು ಸೆಂಟು ಬಿತ್ತು ಎಂದು ಊರು ಕೇಳುವುದು ಅವನನ್ನೇ. ಒಂದಿಂಚು ಮಳೆಗೆ ನೂರು ಸೆಂಟು. ಎಲ್ಲರೂ ತಮ್ಮ ಲೆಕ್ಕವನ್ನು ಅವನ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ನನ್ನ ತೋಟದ ಮಳೆ ಯಾವುದೋ ದೇಶದ ಕಂಪ್ಯೂಟರಿನಲ್ಲಿ ಯಾಕೆ ಕೂರಬೇಕು?

ನನ್ನದು ಸ್ವಂತ ವ್ಯವಸ್ಥೆ. ಮಳೆ ಮಾಪಕಕ್ಕೆ ಬೆಸುಗೆ ಹಾಕಿದವನು ನಾನೇ, ಪ್ರೋಗ್ರಾಂ ಬರೆದವನೂ ನಾನೇ. ಅಟ್ಟದ ಮೇಲಿನ ಹಳೇ ಲ್ಯಾಪ್‌ಟಾಪೇ ಸರ್ವರ್. ಪಾಸ್‌ವರ್ಡನ್ನು ಹೆಂಡತಿ ನಾಗಶ್ರೀಗೂ ಕೊಟ್ಟಿಲ್ಲ. ಲೆಕ್ಕ ಒಂದೆರಡು ಸೆಂಟು ಆಚೀಚೆ ಆಗುತ್ತಿತ್ತು, ಪೂರ್ತಿ ಸರಿಯಾದ ಮೇಲೆ ತೋರಿಸೋಣ ಎಂದಿದ್ದೆ. ಪ್ರತಿ ಸಲ ಅಷ್ಟರಲ್ಲಿ ನಾಗಶ್ರೀ, "ಲೆಕ್ಕ ಅಜಿತ್ ಅವ್ರ ಗುಂಪಲ್ಲಿ ಬಂತು," ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ. ಅವಳು ಒಂದು ಸಲವಾದರೂ ಅವನನ್ನು ಬಿಟ್ಟು ನನ್ನನ್ನು ಕೇಳಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಈ ಮಾರ್ಚಿನಲ್ಲಿ ಮೊದಲ ಮಳೆ ಬಿತ್ತು. ಅದು ಸಾಲದಿದ್ದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು, ಇಲ್ಲವಾದರೆ ಕಾಫಿ ಮೊಗ್ಗು ಅರಳದೆ ಕರಟುತ್ತದೆ. ನಾನು ಮಾಪಕ ಬಿಚ್ಚಿ ಒರೆಸುತ್ತಾ ಕೂತಿದ್ದೆ. ನಾಗಶ್ರೀ ಆಗಲೇ ತೋಟದ ಮೇಸ್ತ್ರಿಗೆ ಫೋನ್ ಮಾಡಿ, "ನಮ್ಮಲ್ಲಿ ನಲವತ್ತೇ ಸೆಂಟು, ಪಂಪ್ ಹಾಕ್ಸಿ," ಎನ್ನುತ್ತಿದ್ದಳು.

"ಯಾರು ಹೇಳಿದ್ದು?" ಎಂದೆ.

"ಗುಂಪಲ್ಲಿದೆ."

ನನ್ನ ತೋಟದ ಲೆಕ್ಕ ಅಜಿತನ ಗುಂಪಿನಲ್ಲಿ. ಬೈಕ್ ಹತ್ತಿ ನೇರ ಅವನ ಮನೆಗೆ ಹೋದೆ.

"ನನ್ನ ತೋಟದ ಮಳೆ ನಿಂಗೆ ಯಾರು ಕೊಟ್ರು?"

ಅಜಿತ್ ಫೋನನ್ನೇ ನನ್ನ ಕೈಗಿಟ್ಟ. ಮಳೆನೀರು ಅಳೆಯುವ ಗಾಜಿನ ಜಾರಿನ ಫೋಟೋ, ಹಿಂದೆ ನಮ್ಮ ಬಚ್ಚಲ ಗೋಡೆ. ಕಳಿಸಿದವಳು ನಾಗಶ್ರೀ. ಹುಡುಕುತ್ತಾ ಹೋದರೆ ಹೋದ ವರ್ಷದ್ದೂ ಇತ್ತು, ಅದರ ಹಿಂದಿನದ್ದೂ.

"ನಿಂಗೆ ಗೊತ್ತಿಲ್ವ ಮಾರಾಯ? ನಾಗಶ್ರೀ ಅವ್ರ ಲೆಕ್ಕ ಬರೋ ತನಕ ಈ ಸೈಡಲ್ಲಿ ಯಾರೂ ಪಂಪ್ ಮುಟ್ಟಲ್ಲ."

ನನ್ನನ್ನು ಕೇಳಲಿ ಎಂದು ನಾನು ಕಾಯುತ್ತಿದ್ದರೆ ಅವಳು ಊರಿಗೇ ಹೇಳುತ್ತಿದ್ದಳು. ಅಜಿತನ ಮೇಲಿದ್ದ ಹೊಟ್ಟೆಕಿಚ್ಚು ದಾರಿಯಲ್ಲೇ ಹೆಂಡತಿಯ ಕಡೆ ತಿರುಗಿತು. ಮನೆಗೆ ಬಂದು, "ಪಾಸ್‌ವರ್ಡ್ ಕೊಡ್ತೀನಿ, ಇನ್ಮೇಲೆ ನಂದ್ರಲ್ಲೇ ಹಾಕು," ಎಂದೆ.

"ಬೇಡ ಬಿಡಿ. ಅದ್ರಲ್ಲಿ ನೀವೊಬ್ರೇ ಇರೋದು. ಅಲ್ಲಿ ಜನ ಕಾಯ್ತಿರ್ತಾರೆ."

ಅವಳ ಲೆಕ್ಕಕ್ಕೆ ಊರೆಲ್ಲ ಕಾಯುವಾಗ ನಾನೊಬ್ಬ ಹೊರಗೆ. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಹಾಗಾದ್ರೆ ನನ್ನೂ ಸೇರಿಸು," ಎಂದೆ.

"ಸೇರ್ಸೋದು ನನ್ನ ಕೈಲಿಲ್ಲ ರೀ," ಎಂದಳು ನಾಗಶ್ರೀ. "ಅಜಿತ್ ಅವ್ರನ್ನೇ ಕೇಳ್ಬೇಕು."