ಮುಚ್ಚಳದ ಮೇಲಿನ ಚೀಟಿ

ಕೊನೆಯ ಸ್ಕ್ರೂ ಬಿಗಿಯುತ್ತಿದ್ದ ಶವಾಗಾರದ ಕೆಲಸದವನ ಮೊಣಕೈ ಸರಿದಾಗ ಆಕೆಗೆ ಶವಪೆಟ್ಟಿಗೆಯ ಮುಚ್ಚಳದ ಚೀಟಿ ಕಾಣಿಸಿತು. ಗಂಡನ ಹೆಸರಿರಬೇಕಾದಲ್ಲಿ ಯಾರೋ ಹೆಂಗಸಿನ ಹೆಸರು. ಎರಡು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ತಾನೇ ತಪ್ಪು ಓದಿದೆನೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹೆಂಗಸಿನದೇ.

"ಇದು ನಮ್ಮ ಮುಚ್ಚಳ ಅಲ್ಲ," ಅಂದಳು.

ಕೆಲಸದವನು ನಾಲಿಗೆ ಕಚ್ಚಿಕೊಂಡ. ಪಕ್ಕದ ಕೋಣೆಯಲ್ಲೂ ಒಂದು ಪೆಟ್ಟಿಗೆಯಿತ್ತು. ಎರಡರ ಮುಚ್ಚಳವನ್ನೂ ಹೊರಗೋಡೆಗೆ ಒಟ್ಟಿಗೇ ಒರಗಿಸಿದ್ದ. "ಒಳಗಿರೋದು ನಿಮ್ಮೋರೇ ಅಮ್ಮಾ. ಮುಚ್ಚಳ ಅಷ್ಟೇ ಅದಲುಬದಲಾಗಿದೆ. ಚೀಟಿ ಕಿತ್ತು ಬೇರೆ ಅಂಟಿಸ್ತೀನಿ."

"ಹಾಗೇ ಮಾಡಪ್ಪ," ಅಂದ ಮೈದುನ, ಗಡಿಯಾರ ನೋಡುತ್ತ. "ಅತ್ತಿಗೆ, ಗಾಡಿ ಕಾಯ್ತಿದೆ. ಮಣ್ಣೊಳಗೆ ಹೋಗೋ ಚೀಟಿ ಯಾರು ಓದ್ತಾರೆ?"

ಹಿಂದೆ ನಿಂತಿದ್ದ, ಗಂಡನ ಲ್ಯಾಬಿನ ಸಹಾಯಕಿ ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಅಳುವೋ ನಗುವೋ ದೇವರಿಗೇ ಗೊತ್ತು. "ಚೀಟಿಯಪ್ಪ ಇದ್ದಿದ್ರೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬಯ್ತಿದ್ರು," ಅಂದಳು.

*

ಚೀಟಿಯಪ್ಪ ಅನ್ನುವುದು ಲ್ಯಾಬಿನವರು ಆಕೆಯ ಗಂಡನಿಗಿಟ್ಟ ಅಡ್ಡಹೆಸರು. ಹೊಳೆ ನೀರು, ಕೆರೆ ಕೆಸರು ತುಂಬಿಕೊಂಡು ಪರೀಕ್ಷೆಗೆ ಬರುವ ಬಾಟಲಿಗಳಿಗೆ ಎಂಥ ಚೀಟಿ ಅಂಟಿಸಬೇಕೆಂದು ಆರಿಸುವುದು ಅವನ ಕೆಲಸ. ಒಮ್ಮೆ ಐಸಿನ ಪೆಟ್ಟಿಗೆಯಲ್ಲಿ ಚೀಟಿಗಳು ನೆನೆದು ಉದುರಿ, ಬೆಟ್ಟ ಸುತ್ತಿ ತಂದ ನೀರೆಲ್ಲ ಎಲ್ಲಿಯದೆಂದು ತಿಳಿಯದೆ ಚರಂಡಿ ಸೇರಿತ್ತು. ಅಂದಿನಿಂದ ಹುಚ್ಚೇ ಹಿಡಿಯಿತು ಅನ್ನಿ. ಹೊಸ ಚೀಟಿ ಬಂದರೆ ಮನೆಯ ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟಿಸುವನು, ಬಿಸಿನೀರಿಗೆ ಅದ್ದುವನು, ಒದ್ದೆ ಹೆಬ್ಬೆರಳಿನಿಂದ ಉಜ್ಜುವನು. ಬರೆಯುವುದು ಪೆನ್ಸಿಲಿನಲ್ಲೇ, ಶಾಯಿ ಹರಡುತ್ತದೆ. ಅಂಟಿಸುವುದು ಬಾಟಲಿಯ ಮೈಗೇ. "ಮುಚ್ಚಳ ಊರೂರು ತಿರುಗುತ್ತೆ ಕಣೇ, ಮೈ ಎಲ್ಲಿಗೂ ಹೋಗಲ್ಲ," ಎಂದು ಹೆಂಡತಿಗೂ ಹೇಳುವನು.

ಮೊನ್ನೆ ಬೆಳಿಗ್ಗೆ ಉಪ್ಪು, ಸಕ್ಕರೆ ಡಬ್ಬಗಳ ಚೀಟಿ ಅಂಟಿಸಿದ್ದ ಮುಚ್ಚಳ ಅದಲುಬದಲಾಗಿ ಕಾಫಿಗೆ ಉಪ್ಪು ಬಿದ್ದಿತ್ತು. ಅವನು ಗುಟುಕು ಕುಡಿದು ಬಾಯಿ ತೆರೆಯುವ ಮೊದಲೇ ಆಕೆ ರೇಗಿದಳು. "ಸಾಕು ಮಾಡಿ ನಿಮ್ಮ ಚೀಟಿ ಪುರಾಣ. ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ."

ಅವನು ಮುಖ ಸಣ್ಣದು ಮಾಡಿಕೊಂಡು, ಆ ಕಾಫಿಯನ್ನೇ ಪೂರ್ತಿ ಕುಡಿದು ಹೋದ. ಅವತ್ತೇ ಲ್ಯಾಬಿನ ಮೇಜಿಗೆ ತಲೆಯೊರಗಿಸಿದನಂತೆ, ಏಳಲಿಲ್ಲ. ಆ ಸಣ್ಣ ಮುಖವನ್ನೇ ಮತ್ತೆ ನೋಡಬೇಕಾದೀತೆಂದು ಹೆದರಿ ಆಕೆ ಇವತ್ತು ಬೆಳಿಗ್ಗೆಯಿಂದ ಪೆಟ್ಟಿಗೆಯ ಹತ್ತಿರ ಸುಳಿದಿರಲಿಲ್ಲ. ಕರೆದವರಿಗೆಲ್ಲ ತಲೆನೋವು ಅಂದಿದ್ದಳು. ಮುಚ್ಚಳ ಬಿದ್ದ ಸದ್ದು ಕೇಳಿದ ಮೇಲೆಯೇ, ಇನ್ನು ನೋಡಬೇಕೆಂದರೂ ಸಿಗುವುದಿಲ್ಲವಲ್ಲ ಎಂದು ಎದ್ದು ಹತ್ತಿರ ಬಂದದ್ದು.

*

"ಬಿಚ್ಚಪ್ಪ," ಅಂದಳು.

"ಅತ್ತಿಗೆ, ಹೊತ್ತಾಯ್ತು."

"ಆಗಲಿ. ಅವರ ಮುಚ್ಚಳ ಅವರಿಗೆ ಬೇಕು."

ಸ್ಕ್ರೂಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೆಲಸದವನು ಪಕ್ಕದ ಕೋಣೆಯಿಂದ ಗಂಡನ ಹೆಸರಿದ್ದ ಮುಚ್ಚಳ ತಂದಿಟ್ಟ. ಆಕೆ ಬಗ್ಗಿ ನೋಡಿದಳು. ಮುಖ ಸಣ್ಣದಾಗಿರಲಿಲ್ಲ. ರಜೆಯ ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುವಾಗಿನ ಮುಖ, ಬಾಯಿ ಒಂಚೂರು ತೆರೆದು.

"ಉಪ್ಪಿನ ಕಾಫಿ ಯಾಕ್ರೀ ಪೂರ್ತಿ ಕುಡಿದ್ರಿ," ಎಂದು ಅವನಿಗಷ್ಟೇ ಕೇಳುವಂತೆ ಕೇಳಿದಳು. ಎರಡು ದಿನದಿಂದ ಬಾರದ ಅಳು ಆಗ ಬಂತು. ಮೈದುನ ಗಡಿಯಾರ ನೋಡುವುದನ್ನು ಬಿಟ್ಟ.

ಅಂಗಿಯ ಜೇಬಿನಲ್ಲಿ ಮೋಟು ಪೆನ್ಸಿಲ್ ಹಾಗೇ ಇತ್ತು; ಲ್ಯಾಬಿನವರು ಇಟ್ಟಿರಬೇಕು. ಆಕೆ ಅದನ್ನು ತೆಗೆದುಕೊಂಡು ಮೊಣಕಾಲೂರಿ, ಪಾಲಿಶ್ ಕಾಣದ ಪೆಟ್ಟಿಗೆಯ ಮೈಮೇಲೆ, ಕಾಲಿನ ಕಡೆ, ಅವನ ಹೆಸರನ್ನು ಒತ್ತಿ ಒತ್ತಿ ಬರೆದಳು. ಪೆನ್ಸಿಲನ್ನು ವಾಪಸು ಜೇಬಿಗೆ ಸಿಕ್ಕಿಸಿದಳು. ಆಮೇಲೆ ಕಣ್ಣೊರೆಸಿಕೊಂಡ ಒದ್ದೆ ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಜೋರಾಗಿ ಉಜ್ಜಿ ನೋಡಿದಳು.

ಅಳಿಸಿಹೋಗಲಿಲ್ಲ.

"ಈಗ ಮುಚ್ಚಪ್ಪ," ಅಂದಳು.