ಹನ್ನೆರಡು ಮೆಟ್ಟಿಲಿನ ಗುಂಡಿ

ಗುಂಡಿಯ ಏಣಿಗೆ ಹನ್ನೆರಡು ಮೆಟ್ಟಿಲು. ಹತ್ತಿ ಬರುತ್ತಿದ್ದ ಕಿವಿಯಣ್ಣ ಐದನೆಯದರಲ್ಲೇ ನಿಂತುಬಿಟ್ಟ. ಯಾರೋ ಹಗ್ಗ ಹಾಕಿ ಬಿಗಿದಂತೆ ಎದೆ ಹಿಡಿದುಕೊಂಡಿತು, ಕಣ್ಣಿಗೆ ಕತ್ತಲೆ ಕವಿಯಿತು. ಹೇಗೋ ಕೆಳಗಿಳಿದು ದಪ್ಪ ಪೈಪಿನ ಮೇಲೆ ಕುಕ್ಕರಿಸಿದ. ತಲೆಯ ಮೇಲೆ ಊಟದ ತಟ್ಟೆಯಷ್ಟು ಆಕಾಶ.

ಬೀದಿಯಡಿಯ ನೀರಿನ ವಾಲ್ವ್‌ಗಳನ್ನು ತೆರೆದು ಮುಚ್ಚುವುದು ಅವನ ಕೆಲಸ. ಕಬ್ಬಿಣದ ಸರಳಿನ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ ಒತ್ತಿ ನೀರು ಎಲ್ಲಿ ತಡೆಯುತ್ತಿದೆ ಎಂದು ಹೇಳಬಲ್ಲ. ಹಾಗಾಗಿ ಆ ಹೆಸರು.

"ಏನ್ ಭಾವ, ಅಲ್ಲೇ ಸಂಸಾರ ಹೂಡಿದ್ರಾ?" ಮೇಲಿನಿಂದ ಭಾವಮೈದ ಕೂಗಿದ. ಇಪ್ಪತ್ತು ವರ್ಷದಿಂದ ಕೆಲಸದ ಜೊತೆಗಾರ.

"ಬಂದೆ ಇರೋ."

ಬರಲಾಗದೆಂದು ಅವನಿಗೆ ಗೊತ್ತಿತ್ತು.

ಆರು ತಿಂಗಳ ಹಿಂದೆ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದ್ದರು. ಏನೋ ಸದ್ದಿದೆ ಎಂದು ಎಕೋ ಸ್ಕ್ಯಾನ್ ಮಾಡಿಸಿದರು. ಹೃದಯದಿಂದ ರಕ್ತ ಮೈಗೆ ಹೊರಡುವ ಕವಾಟ ಸುಣ್ಣಗಟ್ಟಿ ಗಡುಸಾಗಿದೆ, ಸರಿಯಾಗಿ ತೆರೆಯುತ್ತಿಲ್ಲ. ಮಾತ್ರೆಗೆ ಅದು ಸಡಿಲವಾಗದು, ಒಂದು ದಿನ ಬದಲಿಸಲೇಬೇಕು. ಆ ದಿನ ಯಾವುದೆಂಬುದು ಅವನ ಉತ್ತರದ ಮೇಲೆ ನಿಂತಿತ್ತು.

"ನಡೆದ್ರೆ ಏದುಸಿರು ಬರುತ್ತಾ? ಎದೆ ಹಿಡಿಯುತ್ತಾ? ಕಣ್ಣು ಕತ್ತಲೆ ಬರುತ್ತಾ?"

"ಏನೂ ಇಲ್ಲ ಡಾಕ್ಟ್ರೇ."

ಪೂರಾ ಸುಳ್ಳೇನಲ್ಲ. ಏದುಸಿರು ತರಿಸುವುದನ್ನೆಲ್ಲ ಅವನು ಆಗಲೇ ಬಿಟ್ಟಿದ್ದ. ತಿರುವು ತಿರುವಿಗೂ ಅಂಗಡಿ ನೋಡುವವನಂತೆ ನಿಲ್ಲುತ್ತಿದ್ದ. ಗುಂಡಿಗೆ ಭಾವಮೈದನನ್ನೇ ಇಳಿಸುತ್ತಿದ್ದ. ಸುಸ್ತಾಗದಷ್ಟು ಜಾಗದಲ್ಲಿ ಬದುಕುತ್ತಿದ್ದ, ಆ ಜಾಗ ದಿನಕ್ಕೊಂದು ಗೇಣು ಕಿರಿದಾಗುತ್ತಿತ್ತು. ತುಕ್ಕು ಹಿಡಿದ ಹಳೆಯ ವಾಲ್ವನ್ನು ಮುಟ್ಟಬಾರದು, ತಿರುಗಿಸಿದರೆ ಮುರಿದು ಕೈಗೇ ಬರುತ್ತದೆ, ಹಾಗೇ ಬಿಟ್ಟರೆ ಅರ್ಧ ನೀರಾದರೂ ಸಿಗುತ್ತದೆ. ಕಸುಬು ಕಲಿಸಿದ ಈ ಬುದ್ಧಿಯನ್ನೇ ಎದೆಗೂ ಹಚ್ಚಿಕೊಂಡಿದ್ದ.

ಇಂದು ಭಾವಮೈದನ ಕೈ ಉಳುಕಿತ್ತು. ಬೇರೆ ದಾರಿಯಿರಲಿಲ್ಲ.

ಗುಂಡಿಯಲ್ಲಿ ಹಸಿ ಮಣ್ಣಿನ ವಾಸನೆ. ಸುಮ್ಮನೆ ಕೂರಲಾಗದೆ, ಅಭ್ಯಾಸಬಲದಿಂದ ಸರಳನ್ನು ಪೈಪಿಗಿಟ್ಟು ಕಿವಿಗೊಟ್ಟ. ಅರ್ಧಕ್ಕೇ ಸಿಕ್ಕಿಕೊಂಡ ವಾಲ್ವಿನ ಸಂದಿಯಲ್ಲಿ ನೀರು ಸುಯ್ಯೆನ್ನುತ್ತಿತ್ತು. ಅದರ ಹಿಂದೆ, ಬಹಳ ದೂರದಲ್ಲಿ, ಆ ಸಂದಿಗೆ ನೀರು ನೂಕಲು ಪಂಪ್‌ಹೌಸಿನ ಮೋಟಾರು ತಿಣುಕುತ್ತಿತ್ತು. ಹೋದ ವರ್ಷ ಹೀಗೇ ತಿಣುಕಿ ತಿಣುಕಿ ಒಂದು ಮೋಟಾರು ಸುಟ್ಟುಹೋಗಿತ್ತು. ಇಷ್ಟು ವರ್ಷ ಅವನು ಆಲಿಸಿದ್ದು ನೀರನ್ನು ಮಾತ್ರ.

ಸರಳು ಕೈಜಾರಿ ಠಣ್ಣೆಂದಿತು.

"ಭಾವ?"

ಕಿವಿಯಣ್ಣ ತಲೆಯೆತ್ತಿದ.

"ಹತ್ತೋಕೆ ಆಗ್ತಿಲ್ಲ ಕಣೋ."

"ತಮಾಷೆ ಸಾಕು, ಬನ್ನಿ."

"ತಮಾಷೆ ಅಲ್ಲ. ಆರು ತಿಂಗಳಿಂದ ಆಗ್ತಿಲ್ಲ."

ಆಕಾಶದ ತಟ್ಟೆಗೆ ಭಾವಮೈದನ ತಲೆ ಅಡ್ಡಬಂತು.

"ಅಕ್ಕಂಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ."

"ಎಂಥಾ ಮನುಷ್ಯ ನೀವು! ಅಲ್ಲಾಡಬೇಡಿ, ಹಗ್ಗ ಹಿಡಿದು ಎತ್ತೋರನ್ನ ಕರೀತೀನಿ. ಆಸ್ಪತ್ರೆಗೂ ಫೋನ್ ಮಾಡ್ತೀನಿ. ಏನಾಗಿದೆ ಅಂತ ಹೇಳ್ಲಿ?"

ಕಿವಿಯಣ್ಣ ಬೆನ್ನನ್ನು ತಣ್ಣನೆಯ ಗೋಡೆಗೆ ಆನಿಸಿದ.

"ಡಾಕ್ಟರಮ್ಮ ಮೂರು ಪ್ರಶ್ನೆ ಕೇಳಿದ್ರು. ಮೂರಕ್ಕೂ ಹೌದು ಅನ್ನು."